ಅರ್ಧ ಔನ್ಸು

"ಆ ಬುಟ್ಟಿ ಕೆಳಗಿಡೋ, ವಿಲ್ಫ್."

ವಿಲ್ಫ್ ಕೇಳಿಸದವನಂತೆ ಗೇಟಿನ ಅಗುಳಿ ತೆಗೆದ. ಒಂದು ಹೆಗಲಿಗೆ ಅವನ ಗಾಳದ ಸಾಮಾನಿನ ಬುಟ್ಟಿ, ಇನ್ನೊಂದಕ್ಕೆ ಎನಿಡ್‌ಳದು. ಮೂವತ್ತು ವರ್ಷ ಅಂಚೆಚೀಲ ಹೊತ್ತ ಹೆಗಲುಗಳಿಗೆ ಅದೊಂದು ಭಾರವೇ ಅಲ್ಲ.

"ಕೆಳಗಿಡು ಅಂದೆ."

"ದಾರಿಯೆಲ್ಲ ಕೆಸರು ಕಣೇ. ಬೆಳಗಿನ ಜಾವದವರೆಗೂ ಮಳೆ ಹೊಡೆದಿದೆ."

"ಕೆಸರು ನಾನೇನು ಇವತ್ತು ಹೊಸದಾಗಿ ನೋಡ್ತಿದ್ದೀನಾ?"

ಹಿಂದೆ ವ್ಯಾನಿನ ಬಾಗಿಲು ಹಾಕುತ್ತಿದ್ದ ಡೆಸ್ ಪ್ಯೂ ಗೊಳ್ಳೆಂದು ನಕ್ಕ. ಪೇಟೆಯಲ್ಲಿ ಮಾಂಸದಂಗಡಿ ಇಟ್ಟುಕೊಂಡಿದ್ದ ಅವನ ನಗು ಅಂಗಡಿಯಾಚೆ ರಸ್ತೆಗೂ ಕೇಳುವಂಥದ್ದು. "ಕೊಟ್ಬಿಡಯ್ಯಾ. ಇಲ್ದಿದ್ರೆ ಕಚ್ತಾಳೆ. ಹಲ್ಲಿಗೇನೂ ಲಕ್ವ ಹೊಡೆದಿಲ್ಲ."

ವಿಲ್ಫ್‌ನ ಮುಖ ಕೆಂಪಾಯಿತು. ಎನಿಡ್ ಬೆಬ್ ಮಾತ್ರ ಆ ದಿನ ಮೊದಲ ಸಲ ನಕ್ಕಳು. ಬುಟ್ಟಿಯ ಪಟ್ಟಿಯನ್ನು ಬಲ ಹೆಗಲಿಗೇರಿಸಿಕೊಂಡು, ಎಡಗಾಲನ್ನು ಸ್ವಲ್ಪ ಎಳೆಯುತ್ತ, ಇಬ್ಬರಿಗಿಂತ ಮುಂದೆ ನಡೆದಳು.

ಏಪ್ರಿಲ್‌ನಲ್ಲಿ ಹಾಲಿನ ಡೇರಿಯಲ್ಲಿ, ಬಾಟಲಿ ತುಂಬುವ ಯಂತ್ರದ ಮುಂದೆ ನಿಂತಿದ್ದ ಹಾಗೇ ಕುಸಿದಿದ್ದಳು. ಐವತ್ತೆಂಟು ವಯಸ್ಸು. ಬಾಯಿ ಬೇಗ ಸರಿಹೋಯಿತು, ಎಡಗಾಲು ಮುಕ್ಕಾಲುಪಾಲು. ಎಡಗೈ ಮೊಣಕೈವರೆಗೆ ಗಟ್ಟಿ, ಅಲ್ಲಿಂದಾಚೆಗೆ ಬೆರಳುಗಳು ಯಾರದ್ದೋ ಮನೆಯವು. ಆರು ತಿಂಗಳಲ್ಲಿ ಎಷ್ಟು ಬರುತ್ತದೋ ಅಷ್ಟೇ, ಆಮೇಲೆ ಹೆಚ್ಚಿನದನ್ನು ಕಾಯಬೇಡಿ ಎಂದಿದ್ದರು ಡಾಕ್ಟರು. ಈಗ ಅಕ್ಟೋಬರು ಮುಗಿಯುತ್ತ ಬಂದಿತ್ತು. ಅವಳು ಕಾಯುವುದನ್ನು ಬಿಟ್ಟಿದ್ದಳು. ಆಸ್ಪತ್ರೆಯಿಂದ ಬಂದಮೇಲೆ ಉಳಿದ ಬೇಸಿಗೆಯಿಡೀ ಹಿತ್ತಲಿನಲ್ಲಿ ನಿಂತು ಗಾಳದ ಕೋಲನ್ನು ಎಡ ಮುಂಗೈಗೆ ನಾಯಿಯ ಕೊರಳಪಟ್ಟಿಯಿಂದ ಬಿಗಿದುಕೊಂಡು, ದಾರ ಸುತ್ತುವ ರೀಲಿನ ಹಿಡಿಯನ್ನು ಬಲಗೈ ಕಡೆಗೆ ತಿರುಗಿಸಿಕೊಂಡು, ಹುಲ್ಲಿನ ಮೇಲಿಟ್ಟ ಬಟ್ಟೆ ಒಗೆಯುವ ತೊಟ್ಟಿಗೆ ಗುರಿಯಿಟ್ಟು ದಾರ ಎಸೆದಿದ್ದಳು. ಅಕ್ಕಪಕ್ಕದವರು ಬೇಲಿಯ ಮೇಲಿಂದ ಇಣುಕುತ್ತಿದ್ದರು. "ಜನ ಏನಂದ್ಕೋತಾರೆ!" ಎಂದು ಅಕ್ಕ ಮ್ಯೂರಿಯಲ್ ಅಡುಗೆಮನೆಯ ಪರದೆ ಎಳೆದುಬಿಟ್ಟಿದ್ದಳು.

ಕೆರೆ ಆಲ್ಡರ್ ಮರಗಳ ನಡುವೆ ಸೀಸದ ಹಾಳೆಯಂತೆ ಮಲಗಿತ್ತು. ದೋಣಿಮನೆಯ ಪಕ್ಕ ಹಲಗೆ ಹಾಸಿದ ಜಾಗವೊಂದಿತ್ತು. ಮುದುಕರೂ ಮಕ್ಕಳೂ ಕೂರುವ ಜಾಗ. ವಿಲ್ಫ್ ಅಲ್ಲಿ ನಿಂತ.

"ಇಲ್ಲೇ ಚೆನ್ನಾಗಿದೆ. ಜಾರೋದಿಲ್ಲ."

"ಇಲ್ಲಿ ನೀರು ಮೊಣಕಾಲುದ್ದ. ದೊಡ್ಡ ರೋಚ್ ಮೀನು ಇಲ್ಲಿಗೆ ಬರೋದು ನಿನ್ನ ಮುಖ ನೋಡಕ್ಕಾ?" ಎಂದಳು ಎನಿಡ್. "ನಾನು ಮೂಲೆಗೆ ಹೋಗ್ತೀನಿ."

ಮೂಲೆಯೆಂದರೆ ಕೆರೆಗೆ ಮೂಗಿನ ಹಾಗೆ ಚಾಚಿದ ಮಣ್ಣು. ದಡದ ಬುಡದಲ್ಲೇ ಎಂಟಡಿ ಆಳ. ಚಿಕ್ಕ ರೋಚ್ ಎಲ್ಲಿ ಬೇಕಾದರೂ ಸಿಗುತ್ತದೆ, ಶಾಲೆಯ ಹುಡುಗರೂ ಹಿಡಿಯುತ್ತಾರೆ. ಎರಡು ಪೌಂಡು ಮುಟ್ಟಿದ ರೋಚ್ ಬೇರೆಯೇ ಮಾತು. ಹಿಡಿದು, ಇಬ್ಬರು ಸಾಕ್ಷಿಗಳ ಮುಂದೆ ತೂಗಿ, ನೀರಿಗೆ ಬಿಟ್ಟರೆ ಗಾಳದ ಕ್ಲಬ್ಬಿನವರು ಕೂಡುವ ಪಬ್ಬಿನ ಹಿಂಗೋಣೆಯ ಹಲಗೆಯ ಮೇಲೆ ಹೆಸರು ಬರೆಸುತ್ತಾರೆ. ಅಲ್ಲಿ ವಿಲ್ಫ್ ಗಿಟಿನ್ಸ್‌ನ ಹೆಸರು ಎರಡು ಸಲ ಇತ್ತು, ಡೆಸ್‌ನದು ಒಂದು ಸಲ. ಇಪ್ಪತ್ತಾರು ವರ್ಷ ಅವರ ಜೊತೆ ಪ್ರತಿ ಭಾನುವಾರ ಕೂತ ಎನಿಡ್‌ಳ ಹೆಸರು ಇರಲಿಲ್ಲ.

ಮೂಲೆಯಲ್ಲಿ ಅವಳು ಬುಟ್ಟಿಯ ಮೇಲೆ ಕೂತು, ಅದರ ಮುಚ್ಚಳಕ್ಕೆ ಮೊಳೆ ಹೊಡೆದಿದ್ದ ಬಟ್ಟೆಯ ಕ್ಲಿಪ್ಪಿಗೆ ದಾರ ಸಿಕ್ಕಿಸಿ, ಕೊಕ್ಕೆಯ ಸುತ್ತ ಬ್ರೆಡ್ಡಿನ ಬಿಳಿ ತಿರುಳನ್ನು ಬಲಗೈಯಿಂದ ಅದುಮಿದಳು. ಮೊದಲ ಎಸೆತ ಕೊಂಬೆಗೆ ಸಿಕ್ಕಿತು. ಎರಡನೆಯದು ಸರಿಯಾಗಿ ಬಿತ್ತು. ಕೆಂಪು ತುದಿಯ ಬೆಂಡು ನೀರಿನ ಮೇಲೆ ನೆಟ್ಟಗೆ ನಿಂತಿತು. ತಿರುಗಿ ನೋಡಿದರೆ ವಿಲ್ಫ್ ಮೂರು ಮಾರು ದೂರದಲ್ಲೇ ತನ್ನ ಬುಟ್ಟಿ ಇಟ್ಟುಕೊಂಡಿದ್ದ.

"ಕೆರೆ ಅಷ್ಟು ದೊಡ್ಡದಿದೆಯಲ್ಲೋ."

"ಇಲ್ಲಿ ಗಾಳಿ ಕಮ್ಮಿ," ಎಂದ ವಿಲ್ಫ್. ಅವನು ತನ್ನ ಬೆಂಡನ್ನು ನೋಡುತ್ತಿರಲಿಲ್ಲ, ಅವಳ ಬೂಟುಗಳನ್ನು ನೋಡುತ್ತಿದ್ದ.

ಹನ್ನೊಂದು ಗಂಟೆಯ ಸುಮಾರಿಗೆ ಅವಳ ಬೆಂಡು ಮುಳುಗುವ ಬದಲು ಮೆಲ್ಲಗೆ ಮೇಲೆದ್ದು ಪಕ್ಕಕ್ಕೆ ಮಲಗಿತು. ತಳದಲ್ಲಿ ಯಾವುದೋ ಮೀನು ಬ್ರೆಡ್ಡನ್ನು ಎತ್ತಿಕೊಂಡಿತ್ತು. ಎನಿಡ್ ಇಡೀ ಮುಂಗೈ ಮೇಲೆತ್ತಿದಳು. ಕೋಲು ಬಾಗಿತು, ಮೀನು ತಲೆ ಕೊಡವಿದ ಪೆಟ್ಟು ಮೂರು ಸಲ ಮೊಣಕೈವರೆಗೂ ಬಂತು. ಅವಳ ಬಲಗೈ ರೀಲಿಗೆ ಹೋಗುವಷ್ಟರಲ್ಲಿ ಇನ್ನೊಂದು ಕೈ ಅಡ್ಡ ಬಂತು.

"ನಾನು ಹಿಡ್ಕೊಂಡಿದ್ದೀನಿ, ನಾನು ಹಿಡ್ಕೊಂಡಿದ್ದೀನಿ, ನೀನು ಸುಮ್ನಿರು!"

ವಿಲ್ಫ್ ಕೋಲನ್ನು ಎರಡೂ ಕೈಯಿಂದ ಎಳೆದ. ಕೋಲಿಗೆ ಬಿಗಿದಿದ್ದ ಪಟ್ಟಿ ಅವಳ ಮುಂಗೈಗೆ ಕಚ್ಚಿತು. ನೀರಿನಲ್ಲಿ ಬೆಳ್ಳಿಯ ಅಗಲ ಪಕ್ಕೆಯೊಂದು ಹೊರಳಿತು, ಕೆಂಪು ಈಜುರೆಕ್ಕೆ ಕಂಡಿತು, ದಾರ ಸಡಿಲಾಯಿತು. ಅಷ್ಟೆ.

ವಿಲ್ಫ್ ಇನ್ನೂ ಕೋಲು ಹಿಡಿದೇ ಇದ್ದ.

"ಬಿಡು," ಎಂದಳು ಎನಿಡ್. ಸಿಟ್ಟು ಬಂದಾಗ ಮಾತು ಬಾಯಿಯ ಎಡಮೂಲೆಯಲ್ಲಿ ಜಾರುತ್ತಿತ್ತು. ಅದು ಗೊತ್ತಿದ್ದರಿಂದಲೇ ಸಿಟ್ಟು ಇನ್ನೂ ಹೆಚ್ಚಾಯಿತು. "ಕೈ ಬಿಡೋ. ನಾನೇನು ಸತ್ತಿದ್ದೀನಾ?"

"ನೀನು ಮುಗ್ಗರಿಸ್ತೀಯ ಅಂದ್ಕೊಂಡೆ ಎನಿಡ್. ಮ್ಯೂರಿಯಲ್‌ಗೆ ಮಾತು ಕೊಟ್ಟಿದ್ದೀನಿ. ನಿನ್ನನ್ನ ಕಣ್ಣಳತೆ ದಾಟಕ್ಕೆ ಬಿಡಲ್ಲ ಅಂತ."

"ನನ್ನ ಕೇಳಿ ಕೊಟ್ಯಾ?"

ವಿಲ್ಫ್ ಕೋಲಿನಿಂದ ಕೈ ತೆಗೆದ.

"ಆಸ್ಪತ್ರೇಲಿ ಎರಡು ತಿಂಗಳು ಯಾರ್ಯಾರೋ ಬಂದು ನನ್ನ ಬಾಯಿ ಒರೆಸಿದ್ರು. ಮನೇಲಿ ಅವಳು ನನ್ನ ಮಾಂಸ ಕತ್ತರಿಸಿಕೊಡ್ತಾಳೆ, ಗುಂಡಿ ಹಾಕ್ತಾಳೆ, ನಾನು ಕೆಮ್ಮಿದ್ರೆ ಓಡಿಬರ್ತಾಳೆ. ಈ ಮೂಲೆ ಒಂದು ಉಳಿದಿತ್ತು ಕಣೋ. ಇಲ್ಲಿಗೂ ಅವಳನ್ನ ಜೇಬಲ್ಲಿ ಹಾಕ್ಕೊಂಡು ಬಂದ್ಯಲ್ಲ. ಮೀನು ಹೋದ್ರೆ ನನ್ನ ಕೈಯಿಂದ ಹೋಗ್ಲಿ. ನಾನು ಬಿದ್ರೆ ನಾನು ಬೀಳ್ತೀನಿ. ಎದ್ದು ಹೋಗು."

ಗಲಾಟೆ ಕೇಳಿ ಡೆಸ್ ಕೈಯಲ್ಲಿ ಹಂದಿಮಾಂಸ ತುಂಬಿದ ಪೈ ಹಿಡಿದುಕೊಂಡೇ ಬಂದ. ಎನಿಡ್‌ಳ ಮುಖ ನೋಡಿದ, ವಿಲ್ಫ್‌ನ ಮುಖ ನೋಡಿದ, ಸಡಿಲಾದ ದಾರ ನೋಡಿದ. ಪೈಯನ್ನು ಮುರಿದು ದೊಡ್ಡ ಹೋಳನ್ನು ಎನಿಡ್‌ಳ ಬಲಗೈಗೆ ಕೊಟ್ಟ.

"ಬಾರಯ್ಯಾ ವಿಲ್ಫ್. ಆಚೆ ದಡದಲ್ಲಿ ನನ್ನ ಪಕ್ಕ ಕೂತ್ಕೋ. ನಿನ್ನ ಮೂತಿ ನೋಡಿದ್ರೆ ಇಲ್ಲಿ ಮೀನೂ ಬರಲ್ಲ."

"ಮ್ಯೂರಿಯಲ್—"

"ಮ್ಯೂರಿಯಲ್‌ಗೆ ನಾನು ಹೇಳ್ಕೋತೀನಿ. ಭಾನುವಾರದ ಮಾಂಸ ಅವಳು ನನ್ನಂಗಡೀಲೇ ತಗೊಳ್ಳೋದು."

ಅವರಿಬ್ಬರೂ ಹೋದರು. ಎನಿಡ್ ಪೈ ತಿಂದಳು, ಕೊಕ್ಕೆ ಸರಿಮಾಡಿದಳು, ಮತ್ತೆ ಎಸೆದಳು. ಮಧ್ಯಾಹ್ನವಿಡೀ ಏನೂ ಬರಲಿಲ್ಲ. ಅಷ್ಟು ಹೊತ್ತು ಒಬ್ಬಳೇ ಕೂತದ್ದು ಏಪ್ರಿಲ್‌ನಿಂದೀಚೆಗೆ ಅದೇ ಮೊದಲು. ಹೇಳಿಕೊಳ್ಳಲು ಅವಳಿಗೆ ಇಷ್ಟವಿರಲಿಲ್ಲ, ಆದರೆ ಒಂದಿಷ್ಟು ಹೆದರಿಕೆ ಇತ್ತು.

ಮೂರು ಗಂಟೆಗೆ ಕೋಲಿನ ಪಟ್ಟಿ ಬಿಚ್ಚಿಟ್ಟು, ಮೀನೆತ್ತುವ ಕೈಬಲೆಯನ್ನು ಹತ್ತಿರಕ್ಕೆ ಎಳೆದುಕೊಳ್ಳಲು ಎದ್ದವಳು ಎಡಗಾಲನ್ನು ಸಾಕಷ್ಟು ಎತ್ತಲಿಲ್ಲ. ಬೂಟಿನ ತುದಿ ಬೇರಿಗೆ ತಗುಲಿತು. ಎಡ ಮಗ್ಗುಲಿಗೆ ಉದ್ದಕ್ಕೆ ಬಿದ್ದಳು. ಕೆನ್ನೆ ಒದ್ದೆ ಎಲೆಗಳ ಮೇಲೆ, ಎಡಗೈ ಮೈಯ ಅಡಿಯಲ್ಲಿ, ನೀರು ಒಂದು ಗೇಣು ದೂರ. ಆಚೆ ದಡದಲ್ಲಿ ಡೆಸ್ ಏನನ್ನೋ ಹೇಳಿ ನಗುತ್ತಿದ್ದದ್ದು ಸ್ಪಷ್ಟವಾಗಿ ಕೇಳಿಸುತ್ತಿತ್ತು. ಒಂದು ಕೂಗು ಹಾಕಿದರೆ ಎರಡೇ ನಿಮಿಷದಲ್ಲಿ ವಿಲ್ಫ್ ಓಡಿಬರುತ್ತಿದ್ದ.

ಅವಳು ಕೂಗಲಿಲ್ಲ.

ಮೊದಲು ಬಲ ಮೊಣಕೈ ಊರಿದಳು; ಅದು ಕೆಸರಿನಲ್ಲಿ ಜಾರಿತು. ಮತ್ತೆ ಊರಿದಳು. ಹೊರಳಿ ಎಡಗೈಯನ್ನು ಮೈಯಡಿಯಿಂದ ಹೊರಗೆಳೆದುಕೊಂಡಳು. ಹೊಟ್ಟೆಯ ಮೇಲೆ ತೆವಳಿ ಆಲ್ಡರ್ ಮರದ ಬೇರನ್ನು ಹಿಡಿದಳು. "ಏಳೇ, ಹಂದಿ," ಎಂದು ತನಗೆ ತಾನೇ ಬೈದುಕೊಂಡಳು. "ಏಳು." ಮೊಣಕಾಲ ಮೇಲೆ ಬರುವ ಹೊತ್ತಿಗೆ ಬೆವತಿದ್ದಳು. ಮರಕ್ಕೆ ಮೈ ಆನಿಸಿ ಪೂರ್ತಿ ಎದ್ದು ನಿಂತಾಗ ಆಚೆ ದಡದಲ್ಲಿ ಯಾರೂ ತಲೆ ಎತ್ತಿ ನೋಡಿರಲಿಲ್ಲ. ಅವಳು ಕೈಬಲೆಯನ್ನು ಎಳೆದುತಂದು ನೀರಿಗಿಟ್ಟಳು, ಪಟ್ಟಿ ಬಿಗಿದುಕೊಂಡಳು, ಹೊಸ ಬ್ರೆಡ್ಡು ಸಿಕ್ಕಿಸಿದಳು.

ಬೆಳಕು ಇಳಿಯುವಾಗ ಗಾಳಿ ನಿಂತಿತು. ಬೆಂಡು ಎರಡು ಸಲ ನಡುಗಿ, ಮೇಲೆದ್ದು, ಮಲಗಿತು.

ಈ ಸಲ ಮೀನು ತಳಕ್ಕೇ ಅಂಟಿಕೊಂಡು ಎಳೆಯಿತು. ಎನಿಡ್ ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ಅದಕ್ಕೆ ದಾರ ಕೊಟ್ಟಳು, ಮತ್ತೆ ಒಂದೊಂದೇ ಸುತ್ತು ತೆಗೆದುಕೊಂಡಳು. ಅವಸರವಿಲ್ಲ, ಅವಸರವಿಲ್ಲ. ಬೆನ್ನ ಹಿಂದೆ ಎಲೆಗಳ ಮೇಲೆ ಹೆಜ್ಜೆ ಸದ್ದಾಗಿ ನಿಂತಿತು. ವಿಲ್ಫ್ ಎಂದು ತಿರುಗದೆಯೇ ತಿಳಿಯಿತು, ಓಡಿಬಂದವನ ಏದುಸಿರು.

"ಮುಟ್ಟಿದ್ರೆ ಕೆರೆಗೆ ತಳ್ತೀನಿ."

"ಮುಟ್ಟಲ್ಲ," ಎಂದ ವಿಲ್ಫ್. ಅವನ ದನಿ ಸಣ್ಣದಾಗಿತ್ತು. "ಬಲೆ ಎಡಕ್ಕಿದೆ, ಅಷ್ಟೆ ಹೇಳ್ದೆ."

"ನಂಗೊತ್ತು. ಇಟ್ಟೋಳು ನಾನೇ."

ಮೀನು ಮೇಲೆ ಬಂತು. ಒಮ್ಮೆ ಹೊರಳಿ ಕೆಂಪು ಕಣ್ಣು ತೋರಿಸಿತು. ಎನಿಡ್ ಎಡತೋಳನ್ನು ಹಿಂದಕ್ಕೆ, ಇನ್ನೂ ಹಿಂದಕ್ಕೆ ಎತ್ತಿ, ಬಲಗೈಯಿಂದ ಬಲೆಯ ಹಿಡಿಯನ್ನು ತಡಕಿ ಹಿಡಿದಳು. ಮೊದಲ ಸಲ ಮೀನು ಬಲೆಯ ಅಂಚಿಗೆ ತಾಗಿ ಹೊರಕ್ಕೆ ನುಗ್ಗಿತು. ಹಿಂದೆ ವಿಲ್ಫ್ ಹಲ್ಲು ಕಚ್ಚಿ ಉಸಿರೆಳೆದುಕೊಂಡದ್ದು ಕೇಳಿಸಿತು. ಎರಡನೆಯ ಸಲ ಅದು ಬಲೆಯ ಮೇಲೆ ಜಾರಿ ಬಂತು. ಅವಳು ಎತ್ತಿದಳು.

ಡೆಸ್ ಸ್ಪ್ರಿಂಗ್ ತಕ್ಕಡಿಯೊಂದಿಗೆ ಬಂದ. ಒದ್ದೆ ಚೀಲದ ತೂಕ ಕಳೆದು, ಮೀನನ್ನು ಅದರಲ್ಲಿಟ್ಟು, ಮುಳ್ಳನ್ನು ಕಣ್ಣಿನ ಮಟ್ಟಕ್ಕೆ ಹಿಡಿದ. ಬಹಳ ಹೊತ್ತು ನೋಡಿದ. ಆಮೇಲೆ ವಿಲ್ಫ್‌ಗೆ ತೋರಿಸಿದ.

"ಎರಡು ಪೌಂಡು," ಎಂದ ವಿಲ್ಫ್.

"ಎರಡು ಪೌಂಡೇ," ಎಂದ ಡೆಸ್. "ಇಬ್ಬರು ಸಾಕ್ಷಿ ಆಯ್ತಲ್ಲ. ಪೇಂಟರಿಗೆ ಹೇಳ್ತೀನಿ, ನಿನ್ನ ಹೆಸರನ್ನ ಇವನಿಗಿಂತ ದಪ್ಪಕ್ಕೆ ಬರಿ ಅಂತ."

"ಇಲ್ಲಿ ತೋರಿಸು."

"ಕತ್ತಲಾಗ್ತಿದೆ, ಮೀನಿಗೆ ಸುಸ್ತಾಗತ್ತೆ—"

"ತೋರಿಸೋ."

ಡೆಸ್ ತಕ್ಕಡಿಯನ್ನು ಅವಳ ಮುಂದೆ ಹಿಡಿದ. ಮುಳ್ಳು ಎರಡರ ಗೆರೆಗೆ ಕೂದಲೆಳೆ ಹಿಂದೆ ನಿಂತಿತ್ತು.

"ಒಂದು ಪೌಂಡು ಹದಿನೈದೂವರೆ ಔನ್ಸು," ಎಂದಳು ಎನಿಡ್. "ಹದಿನಾರು ತುಂಬಿದ್ರೆ ತಾನೇ ಎರಡು ಪೌಂಡು?"

"ಅರ್ಧ ಔನ್ಸು ಕಣೇ!" ವಿಲ್ಫ್ ಅಂಗಲಾಚಿದ. "ಬೆಳಗ್ಗೆ ನಾನು ಕಳ್ಕೊಂಡದ್ದು ಎರಡರ ಮೇಲೇ ಇತ್ತು. ಅದು ನಿನ್ನ ಮೀನು. ಇದನ್ನ ಅದರ ಲೆಕ್ಕಕ್ಕೆ ಹಾಕ್ಕೋ. ಯಾರಿಗೆ ಗೊತ್ತಾಗತ್ತೆ?"

"ನಾವು ಮೂರು ಜನ ಇದ್ದೀವಲ್ಲ." ಅವಳು ಅವನ ಮುಖವನ್ನು ನೇರವಾಗಿ ನೋಡಿದಳು. "ಲಕ್ವ ಹೊಡೆಯೋಕ್ ಮುಂಚೆ ನಾನು ಇದನ್ನ ತಂದಿದ್ರೆ ಏನಂತಿದ್ರಿ? 'ಅರ್ಧ ಔನ್ಸು ಕಮ್ಮಿ, ಮುಂದಿನ ವಾರ ಬಾರಮ್ಮ' ಅಂತ ಹಲ್ಲು ಕಿರಿತಿದ್ರಿ. ಹಾಗೇ ಅನ್ನಿ."

ವಿಲ್ಫ್ ಡೆಸ್‌ನ ಮುಖ ನೋಡಿದ.

"ಅನ್ನಿ ಅಂದೆ."

ಡೆಸ್ ಗಂಟಲು ಸರಿಮಾಡಿಕೊಂಡ. "ಅರ್ಧ ಔನ್ಸು ಕಮ್ಮಿ. ಮುಂದಿನ ವಾರ ಬಾರಮ್ಮ. ಬರೋವಾಗ ಒಂದು ದೊಡ್ಡ ಬಲೆ ತಗೊಂಬಾ, ನಿನ್ನ ಜಂಬ ಹಿಡಿಯೋಕೆ."

"ಅದು ಸರಿ," ಎಂದಳು ಎನಿಡ್. ದಡಕ್ಕೆ ಮಂಡಿಯೂರಿ ಮೀನನ್ನು ಬಲಗೈಯಲ್ಲಿ ನೀರಿನೊಳಗೆ ಹಿಡಿದಳು. ಅದು ನಾಲ್ಕೈದು ಸಲ ಬಾಯಿ ತೆರೆದು ಮುಚ್ಚಿ, ಬೆರಳುಗಳ ನಡುವಿನಿಂದ ಇಳಿದುಹೋಯಿತು. ಅವಳ ಎಡಗಡೆ ಕೋಟಿಗೂ ಕೆನ್ನೆಗೂ ಮೆತ್ತಿಕೊಂಡಿದ್ದ ಕೆಸರನ್ನು ವಿಲ್ಫ್ ಆಗ ಕಂಡ. ಅವನು ತನ್ನ ಬುಟ್ಟಿಯನ್ನಷ್ಟೇ ಹೊತ್ತುಕೊಂಡ, ಅವಳದನ್ನು ಮುಟ್ಟಲಿಲ್ಲ.

ಮನೆಯ ಬಾಗಿಲು ತೆಗೆದ ಮ್ಯೂರಿಯಲ್ ತಂಗಿಯನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ಬಿದ್ದಿದ್ದೀಯ."

"ಬಿದ್ದೆ."

"ವಿಲ್ಫ್ ಎಲ್ಲಿ ಸತ್ತಿದ್ದ?"

"ನಾನೇ ಓಡಿಸಿದೆ. ಬಿದ್ದೋಳೂ ನಾನೇ, ಎದ್ದೋಳೂ ನಾನೇ. ಮುಂದಿನ ಭಾನುವಾರ ಮತ್ತೆ ಹೋಗ್ತೀನಿ."

ಮ್ಯೂರಿಯಲ್ ತಂಗಿಯ ಹಿಂದೆಯೇ ಅಡುಗೆಮನೆಗೆ ಬಂದಳು. ಎನಿಡ್ ಕುರ್ಚಿಯಲ್ಲಿ ಕೂತು ಬೂಟಿನ ಲಾಡಿಗೆ ಬಲಗೈ ಹಾಕಿದಾಗ ಅಕ್ಕ ಅಭ್ಯಾಸದಂತೆ ನೆಲಕ್ಕೆ ಮಂಡಿಯೂರಿದಳು. ಎನಿಡ್ ಕಾಲನ್ನು ಹಿಂದಕ್ಕೆಳೆದುಕೊಂಡಳು.

ಮ್ಯೂರಿಯಲ್ ಹಾಗೇ ಒಂದು ಗಳಿಗೆ ಮಂಡಿಯ ಮೇಲಿದ್ದಳು. ಆಮೇಲೆ ಮೇಜಿನ ಅಂಚು ಹಿಡಿದು ಎದ್ದು, ಕೆಟಲಿಗೆ ನೀರು ತುಂಬಿ ಒಲೆಯ ಮೇಲಿಟ್ಟು, ಬೆನ್ನು ತಿರುಗಿಸಿಕೊಂಡು ನಿಂತಳು. ಒಂದು ಬೂಟು ಕಳಚಿ ನೆಲಕ್ಕೆ ಬಿತ್ತು. ತೊಳೆದ ನೆಲಹಾಸಿನ ಮೇಲೆ ಕೆಸರು ಚೆದುರಿತು. ಮ್ಯೂರಿಯಲ್ ತಿರುಗಲಿಲ್ಲ. ಇನ್ನೊಂದರ ಗಂಟು ನೆನೆದು ಬಿಗಿದುಕೊಂಡಿತ್ತು. ಎನಿಡ್ ಅದರ ಮೇಲೆ ಬಾಗಿದಳು. ಕೆಟಲು ನಿಧಾನವಾಗಿ ಸದ್ದು ಮಾಡತೊಡಗಿತು.