ಮೂರು ಹೊಡೆದರೆ ಐದು

ಬಸವಲಿಂಗ ಆ ಗಡಿಯಾರವನ್ನು ಹಳೆಯ ಚಾದರದಲ್ಲಿ ಸುತ್ತಿಕೊಂಡು ನಮ್ಮ ರಿಪೇರಿ ಅಂಗಡಿಗೆ ತಂದದ್ದು ೧೯೯೮ರ ಫೆಬ್ರುವರಿಯಲ್ಲಿ. ರವಿವಾರ ಪೇಠೆಯ ಆ ಅಂಗಡಿ ನನ್ನ ಸೋದರಮಾವ ಅಂಬಾರಾಯರದು. ಬಿ.ಎ. ಮುಗಿಸಿದ ಮೇಲೆ ನೌಕರಿ ಸಿಗುವ ತನಕ ಎಂದು ಅಲ್ಲಿ ಕುಳಿತವನು ನಾಲ್ಕು ವರ್ಷವಾದರೂ ಎದ್ದಿರಲಿಲ್ಲ. ಹೆಚ್ಚು ಮಾತಾಡಬೇಕಾಗಿಲ್ಲದ ಕೆಲಸ ಅದು, ನನಗೆ ಹೊಂದಿಕೊಂಡಿತ್ತು.

ಗೋಡೆಗೆ ತೂಗುಹಾಕುವ, ಲೋಲಕದ ಗಡಿಯಾರ. ತಾಸಿಗೊಮ್ಮೆ ಗಂಟೆ ಹೊಡೆಯುವಂಥದ್ದು. ಶಿರೂರಿನಲ್ಲಿ ಬೆಲ್ಲದ ವ್ಯಾಪಾರ ಮಾಡುತ್ತಿದ್ದ ತಮ್ಮ ತಂದೆ ಹೊಳಬಸಪ್ಪನವರು ಅದನ್ನು ಯಾರೋ ಇಂಗ್ಲಿಷ್ ಸಾಹೇಬನಿಂದ ಕೊಂಡದ್ದೆಂದು ಬಸವಲಿಂಗ ಹೇಳಿದರು. ಎರಡು ತಿಂಗಳಿಂದ ನಿಂತಿತ್ತು. ಮನೆಯಲ್ಲಿ ತಾಯಿ ಕಲ್ಲವ್ವನಿಗೆ ಕಣ್ಣು ಕಾಣುವುದಿಲ್ಲ. ದಿನಕ್ಕೆ ಹತ್ತು ಸಲ ಎಷ್ಟಾಯಿತು ಎಂದು ಕೇಳುತ್ತಾಳೆ, ಹೇಳುವವರಿಗೂ ಬೇಸರ, ಕೇಳುವವಳಿಗೂ ನಾಚಿಕೆ ಎಂದರು.

ಬಿಚ್ಚುವ ಮೊದಲು ದೊಡ್ಡ ಮುಳ್ಳನ್ನು ಬೆರಳಿನಿಂದ ತಿರುಗಿಸಿ ಗಡಿಯಾರವನ್ನು ಐದು ಗಂಟೆಗೆ ತಂದು ನೋಡಿದೆ. ಮೂರು ಹೊಡೆಯಿತು. ಇಂಥ ಹಳೆಯ ಗಡಿಯಾರಗಳಲ್ಲಿ ಗಂಟೆ ಎಣಿಸುವ ಚಕ್ರ ಮುಳ್ಳುಗಳನ್ನು ನೋಡುವುದಿಲ್ಲ. ಎರಡರ ನಂತರ ಮೂರು, ಮೂರರ ನಂತರ ನಾಲ್ಕು ಎಂದು ತನ್ನಷ್ಟಕ್ಕೆ ತಾನು ಎಣಿಸುತ್ತ ಹೋಗುತ್ತದೆ. ಯಾರಾದರೂ ಅವಸರದಲ್ಲಿ ಮುಳ್ಳು ತಿರುಗಿಸಿದರೆ ಲೆಕ್ಕ ತಪ್ಪುತ್ತದೆ, ಮತ್ತೆ ತಾನಾಗಿ ಸರಿಹೋಗುವುದಿಲ್ಲ.

ಒಳಗೆ ಎಣ್ಣೆ ಡಾಂಬರಿನಂತೆ ಗಟ್ಟಿಯಾಗಿತ್ತು. ನಡೆಸುವ ಸ್ಪ್ರಿಂಗು ಮುರಿದಿತ್ತು. ಹಿಂದಿನ ಹಿತ್ತಾಳೆ ತಟ್ಟೆಯನ್ನು ಸೀಮೆಎಣ್ಣೆಯಲ್ಲಿ ತೊಳೆದಾಗ ಜಪಾನಿನ ಕಾರ್ಖಾನೆಯೊಂದರ ಮುದ್ರೆ ಕಾಣಿಸಿತು. ಸವೆದು ಅಗಲವಾದ ಎರಡು ತೂತುಗಳಿಗೆ ಹೊಸ ಹಿತ್ತಾಳೆ ಕೂರಿಸಿದೆ, ಸುತ್ತಿಗೆಯ ತುದಿಗೆ ಹೊಸ ತೊಗಲು ಹಾಕಿದೆ, ಸ್ಪ್ರಿಂಗು ಬದಲಿಸಿದೆ. ಇಷ್ಟಕ್ಕೇ ಹನ್ನೆರಡು ದಿನ ಹಿಡಿಯಿತು. ಗಂಟೆ ಹೊಡೆಯುವುದಕ್ಕೆ ಕೆಲವು ನಿಮಿಷ ಮೊದಲು ಒಳಗೆ ಖಟ್ ಎನ್ನುತ್ತದೆ. ಆ ಸದ್ದಿಗೂ ಮೊದಲ ಏಟಿಗೂ ನಡುವಿನ ಹೊತ್ತು ನನಗೆ ಇಷ್ಟ. ಕೈಯಲ್ಲಿದ್ದ ಕೆಲಸ ಬಿಟ್ಟು ಕಾಯುತ್ತಿದ್ದೆ.

ಕೊಂಢವಾ ಬಡಾವಣೆಯ ಅವರ ಮನೆಗೆ ನಾನೇ ಹೋಗಿ ಗಡಿಯಾರ ತೂಗುಹಾಕಿದೆ. ಅದು ಜಪಾನಿನದು ಎಂದಾಗ ಬಸವಲಿಂಗರ ಮುಖ ಸಣ್ಣದಾಯಿತು. ಮೂಲೆಯ ಕುರ್ಚಿಯಲ್ಲಿದ್ದ ಕಲ್ಲವ್ವ, ಯಾವ ದೇಶದ್ದಾದರೇನು, ತಾಸು ಹೊಡೆದರೆ ಸಾಕು ಎಂದರು. ಹೊಡೆಯುವ ಲೆಕ್ಕವನ್ನೂ ಸರಿ ಮಾಡಿದ್ದೇನೆ ಎಂದು ಬಸವಲಿಂಗರಿಗೆ ಬಾಗಿಲ ಬಳಿ ಹೇಳಿದೆ. ಅವರು ಚಪ್ಪಲಿ ಮೆಟ್ಟುತ್ತ ಛಲೋ ಆತು ಎಂದರು.

ಹತ್ತು ದಿನದ ನಂತರ ಅವರು ಕೈಗಡಿಯಾರಕ್ಕೆ ಸೆಲ್ ಹಾಕಿಸಲು ಬಂದರು. ದೊಡ್ಡ ಗಡಿಯಾರ ಹೇಗಿದೆ ಎಂದು ಕೇಳಿದೆ.

"ಅದು ಭಾಳ ಛಲೋ ನಡದದರಿ. ಅವ್ವನ ತಲೀನೇ ನಡೀವಲ್ದು."

ಮೊಮ್ಮಗಳು ಶಿವಾನಿಯ ಶಾಲೆಯ ರಿಕ್ಷಾ ಬರುವುದು ಐದಕ್ಕೆ. ಗಡಿಯಾರ ಕೆಡುವ ಮೊದಲು ಕಲ್ಲವ್ವ ಯಾರನ್ನೂ ಕೇಳದೆ ಗೋಡೆ ಹಿಡಿದು ಎರಡು ಮಾಳಿಗೆ ಇಳಿದು, ಹುಡುಗಿಯನ್ನು ಕರೆತರುತ್ತಿದ್ದರು. ಅದೊಂದು ಕೆಲಸವನ್ನು ಬೇರೆಯವರಿಗೆ ಬಿಟ್ಟುಕೊಟ್ಟಿರಲಿಲ್ಲ. ಈಗ ಮೂರು ದಿನ ಸಾಲಾಗಿ ಮೂರು ಗಂಟೆಗೇ ಇಳಿದು ಬಿಸಿಲಲ್ಲಿ ನಿಂತಿದ್ದರು. ಮೂರನೆಯ ದಿನ ತಲೆ ತಿರುಗಿ ಕುಸಿದಾಗ ವಾಚ್‌ಮನ್ ಮೇಲೆ ಕರೆತಂದ. ಕೇಳಿದರೆ ಐದಾಗಿದೆ ಎನ್ನುತ್ತಾರೆ. ಮರೆವಿನ ರೋಗವಿರಬೇಕೆಂದು ಡಾಕ್ಟರರ ವೇಳೆ ತೆಗೆದುಕೊಂಡಾಗಿದೆ. ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿಸಿದ್ದೇವೆ ಎಂದರು.

ಅವರು ಹೋದ ಮೇಲೂ ನಾನು ಚಿಮಟ ಹಿಡಿದುಕೊಂಡೇ ಕುಳಿತಿದ್ದೆ. ಬಿಚ್ಚುವ ಮೊದಲು ಅದು ಐದಕ್ಕೆ ಮೂರು ಹೊಡೆದದ್ದು ನೆನಪಾಯಿತು.

ಮರುದಿನ ಗುರುವಾರ, ನೆಲಕ್ಕೆ ಹಾಸುವ ಫರಸಿ ಕಲ್ಲು ಮಾರುವ ಬಸವಲಿಂಗರ ಅಂಗಡಿಗೆ ರಜೆ. ಊಟದ ಹೊತ್ತು ಕಳೆದ ಮೇಲೆ ಹೋದೆ. ಅವರೇ ಚಿಲಕ ತೆಗೆದರು. ಕಲ್ಲವ್ವ ಅದೇ ಕುರ್ಚಿಯಲ್ಲಿದ್ದರು. ಕೋಲು ಗೋಡೆಗೆ ಒರಗಿತ್ತು. ಹಿಂದಿನ ಸಲ ಗಡಿಯಾರ ತೂಗುಹಾಕಲು ಬಂದಾಗ ಅವರನ್ನು ಒಂದು ಮಾತೂ ಕೇಳದೆ ಹೋಗಿದ್ದೆ.

"ಅಜ್ಜಿ, ಮದ್ಲ ಈ ಗಡಿಯಾರ ಐದಕ್ಕ ಎಷ್ಟು ಹೊಡೀತಿತ್ತರಿ?"

"ಮೂರು. ಹನ್ನೆರಡು ವರ್ಷದ ಹಿಂದ ಶಿರೂರಿಂದ ಲಾರಿಯೊಳಗ ತಂದ ದಿವಸದಿಂದ ಎರಡು ಕಡಿಮಿನೇ. ಆಗ ನನಗ ಕಣ್ಣಿದ್ದುವು, ನೋಡೀನಲ್ಲ. ಎರಡು ಕೂಡಿಸಿದ್ರ ಆತು." ಮಗ ಎಲ್ಲಿದ್ದಾನೆಂದು ಮುಖ ತಿರುಗಿಸಿ ಹುಡುಕಿದರು. "ಮನಿಯವರಿಗೆಲ್ಲಾ ಗೊತ್ತದ ಅಂತ ತಿಳದಿದ್ದೆ."

ರಿಪೇರಿ ಮಾಡುವಾಗ ಲೆಕ್ಕವನ್ನು ಸರಿಪಡಿಸಿದ್ದು ನಾನು, ಅದನ್ನು ನಿಮಗೆ ಹೇಳದೆ ಹೋದದ್ದೂ ನನ್ನ ತಪ್ಪು ಎಂದು ಕಲ್ಲವ್ವನಿಗೆ ಹೇಳಿದೆ. ಈಗ ಅದು ಮೂರು ಹೊಡೆದರೆ ಮೂರೇ ಗಂಟೆ.

ಕಲ್ಲವ್ವ ಬೆರಳು ಮಡಿಸಿ ಎಣಿಸಿದರು.

"ಹಾಲಿನವನಿಗೆ ಬೈದೆ," ಎಂದರು. "ಎಂಟಕ್ಕ ಬರ್ತೀಯಲ್ಲೋ ಅಂತ. ಪಾಪ, ಅಂವ ಆರಕ್ಕಽ ಬಂದಿದ್ದ. ಊರಿಗೆ ಊರೇ ಎರಡು ತಾಸು ತಡಾ ಆಗೇದ ಅಂದ್ಕೊಂಡೆ. ಆಮ್ಯಾಲ ನನ್ನ ತಲೀನೇ ಕೆಟ್ಟದ ಅಂದ್ಕೊಂಡೆ."

"ಹನ್ನೆರಡು ವರ್ಷ ತಪ್ಪು ಹೊಡೀತಿತ್ತೇನವ್ವ?" ಎಂದು ಬಸವಲಿಂಗ ಕೇಳಿದರು.

"ನೀ ಒಂದು ದಿವಸನಾದ್ರೂ ಎಣಿಸಿದ್ರ ಗೊತ್ತಾಗ್ತಿತ್ತು."

ಬೇಕಾದರೆ ಮೊದಲಿನಂತೆ ಮಾಡಿಕೊಡುತ್ತೇನೆ, ಹತ್ತು ನಿಮಿಷದ ಕೆಲಸ ಎಂದೆ. ಕಲ್ಲವ್ವ ನಕ್ಕರು.

"ಸರಿ ಮಾಡಾಕ ಒಮ್ಮೆ, ಕೆಡಸಾಕ ಒಮ್ಮೆ ಬರ್ತೀಯೇನೋ ತಮ್ಮಾ? ಇರಲಿ ಬಿಡು, ರೂಢಿ ಮಾಡ್ಕೋತೀನಿ. ಡಾಕ್ಟರ್ ಮಾತ್ರ ಬ್ಯಾಡ."

ಗಡಿಯಾರದೊಳಗೆ ಖಟ್ ಎಂದಿತು. ಮೂವರೂ ಮಾತು ನಿಲ್ಲಿಸಿದೆವು. ಕೆಲವು ನಿಮಿಷದ ಮೇಲೆ ಗಂಟೆ ಹೊಡೆಯಿತು. ಮೂರನೆಯ ಏಟು ಮುಗಿಯುವ ಮೊದಲೇ ಕಲ್ಲವ್ವನ ಕೈ ಕೋಲಿನತ್ತ ಹೋಯಿತು. ಕೋಲು ಮುಟ್ಟಿ ನಿಂತಿತು. ನಂತರ ತಾನಾಗಿ ಮಡಿಲಿಗೆ ಮರಳಿತು.

"ಇನ್ನ ಎರಡು ತಾಸು ಅದ," ಎಂದರು ತಮ್ಮಷ್ಟಕ್ಕೆ.

ನಾನು ಹೊರಡುವಾಗ ಬಸವಲಿಂಗ ಬಾಗಿಲ ತನಕ ಬಂದರು. ಹೊಸ ಚಿಲಕದ ಮೇಲೆ ಬೆರಳಾಡಿಸುತ್ತ, ಸ್ಕ್ರೂಡ್ರೈವರ್ ಇದೆಯೇ ಎಂದು ಕೇಳಿದರು. ಚೀಲದಿಂದ ತೆಗೆದುಕೊಟ್ಟೆ. ಸ್ಕ್ರೂಗಳು ಬಿಗಿಯಾಗಿದ್ದವು. ಅವರು ಒಂದೊಂದನ್ನೇ ಬಿಚ್ಚಿ ನನ್ನ ಅಂಗೈಯಲ್ಲಿಟ್ಟರು. ನಾಲ್ಕೂ ಬಂದ ಮೇಲೆ ಚಿಲಕವನ್ನು ಕಿತ್ತು ಜೇಬಿಗೆ ಹಾಕಿಕೊಂಡರು. ಬಾಗಿಲಲ್ಲಿ ನಾಲ್ಕು ತೂತುಗಳು ಉಳಿದವು.