ತೊಟ್ಟು ಮುರಿಯದ ಮೂರು ಮೆಣಸಿನಕಾಯಿ

ವಡ್ಡು ಊರಿನ ಲಾರಿ ರಸ್ತೆಗೆ ಅಂಟಿಕೊಂಡ ಆ ಓಣಿಯಲ್ಲಿ ಗಣಿ ಜೋರಾಗಿದ್ದ ವರ್ಷಗಳಲ್ಲಿ ಎಲ್ಲವೂ ಕೆಂಪು. ಅದಿರಿನ ಲಾರಿಗಳು ಒಂದರ ಬೆನ್ನಿಗೆ ಒಂದು ಓಡುತ್ತಿದ್ದವು. ಮನೆಯ ಗೋಡೆ ಕೆಂಪು, ಒಣಹಾಕಿದ ಪಂಚೆ ಕೆಂಪು, ಬೇವಿನ ಎಲೆಯೂ ಕೆಂಪು. ಮಕ್ಕಳದಂತೂ ಕೇಳಲೇಬೇಡಿ. ಬೆಳಿಗ್ಗೆ ಮೈ ತೊಳೆದು ಬಿಟ್ಟರೆ ಮಧ್ಯಾಹ್ನದ ಹೊತ್ತಿಗೆ ಯಾವುದು ಯಾರ ಕೂಸು ಎಂದು ಹೆತ್ತವಳೇ ಎರಡು ಸಲ ನೋಡಬೇಕಾಗುತ್ತಿತ್ತು.

ಒಂದು ಸೋಮವಾರ ಚೆನ್ನಬಸಮ್ಮನ ಎರಡು ವರ್ಷದ ಮಗ ಪಂಪಣ್ಣನ ಮುಖ ಕೆಂಪಾಯಿತು. ನಾಲ್ಕು ದಿನದಿಂದ ಜ್ವರ, ಕೆಮ್ಮು, ಮೂಗು ಸೋರುವುದು ಇದ್ದೇ ಇತ್ತು. ಆ ತಿಂಗಳು ಓಣಿಯಲ್ಲಿ ಆಗಲೇ ಎಂಟು ಬಾಗಿಲಿಗೆ ಬೇವಿನ ಸೊಪ್ಪು ಬಿದ್ದಿತ್ತು. ದಡಾರದ ಅಮ್ಮ ತನ್ನ ಮನೆಗೆ ಬರಲಿಕ್ಕಿಲ್ಲ, ಇದು ಬರೀ ಧೂಳು ಎಂದುಕೊಂಡು ಚೆನ್ನಬಸಮ್ಮ ಬೆಚ್ಚಗಿನ ನೀರಿನಲ್ಲಿ ಮುಖ ತೊಳೆದಳು. ನೀರು ಕೆಂಪಗೆ ಹರಿದುಹೋಯಿತು. ಮುಖ ಮಾತ್ರ ಕೆಂಪಾಗಿಯೇ ಉಳಿಯಿತು. ಕಿವಿಯ ಹಿಂದೆ, ಕುತ್ತಿಗೆಗೆ, ಎದೆಗೆ ಸಣ್ಣ ಸಣ್ಣ ಗಂದೆ ಎದ್ದಿದ್ದವು. ಅಮ್ಮ ಬಂದಿದ್ದಾಳೆ ಎಂದು ಒಂಬತ್ತನೆಯ ಬಾಗಿಲಿಗೂ ಬೇವು ಕಟ್ಟಿದರು.

ಅಮ್ಮ ಬಂದ ಮನೆಗೆ ಬರಿಗೈಲಿ ಹೋಗುವ ಪದ್ಧತಿ ಅಲ್ಲಿಲ್ಲ. ಮೊಸರನ್ನ, ಎಳನೀರು ಒಯ್ಯಬೇಕು. ಮನೆಯ ಕೂಸನ್ನೂ ಕರೆದೊಯ್ದು, ಮಲಗಿದ ಮಗುವಿನ ಕಾಲ ಬಳಿ ಅಡ್ಡಬೀಳಿಸಬೇಕು. ಹಾಗೆ ಮಾಡಿದರೆ ಅಮ್ಮ ನಮ್ಮ ಕೂಸಿನ ಮೇಲೆ ಸಿಟ್ಟಾಗುವುದಿಲ್ಲ ಎನ್ನುವುದು ನಂಬಿಕೆ. ಇಂಥ ವಿಷಯದಲ್ಲಿ ಎಲ್ಲರಿಗಿಂತ ಮುಂದೆ ಇರುತ್ತಿದ್ದವಳು ತಾಯಕ್ಕ. ಅವತ್ತು ಸೋಮವಾರ ಇಳಿಹೊತ್ತಿಗೆ ಮೊಸರನ್ನದ ಬಟ್ಟಲು ಒಂದು ಕೈಯಲ್ಲಿ, ಹತ್ತು ತಿಂಗಳ ಮೊಮ್ಮಗಳು ಪೂಜಿತಾ ಇನ್ನೊಂದು ಕಂಕುಳಲ್ಲಿ, ತಾಯಕ್ಕ ಹೋಗಿ ಅರ್ಧ ಗಂಟೆ ಪಂಪಣ್ಣನ ತಲೆಯ ಬಳಿ ಕೂತು ಬಂದಳು.

ತಾಯಕ್ಕ ಎಂದರೆ ಸಾಮಾನ್ಯದವಳಲ್ಲ. ರಸ್ತೆ ಬದಿಯಲ್ಲಿ ಅವಳದೊಂದು ಒಗ್ಗರಣೆ ಮಿರ್ಚಿ ಅಂಗಡಿ. ಹೊಸಪೇಟೆಯಿಂದ ಸಂಡೂರಿನವರೆಗೆ ಅವಳ ಮಿರ್ಚಿ ತಿನ್ನದ ಲಾರಿ ಡ್ರೈವರ್ ಇರಲಿಲ್ಲ, ಅವಳ ಬೈಗುಳ ತಿನ್ನದವನಂತೂ ಇಲ್ಲವೇ ಇಲ್ಲ. ಮಗ ಜಂಬುನಾಥ ಟಿಪ್ಪರ್ ಓಡಿಸುತ್ತಿದ್ದ. ಮನೆಯಲ್ಲಿ ಅವಳ ಮಾತೇ ಮಾತು. ಪೂಜಿತಾಳಿಗೆ ಮೂರು ತಿಂಗಳಿದ್ದಾಗ ಸೂಜಿ ಹಾಕಿಸಿದ ಮೇಲೆ ಒಂದು ದಿನ ಜ್ವರ ಬಂದು ಕೂಸು ಅತ್ತೂ ಅತ್ತೂ ಸುಸ್ತಾಗಿತ್ತು. ಇನ್ನು ಸಾಕು ಎಂದು ತಾಯಕ್ಕ ಅಂದೇ ತೀರ್ಮಾನ ಮಾಡಿಬಿಟ್ಟಳು. ಸೊಸೆ ರೇಣುಕಮ್ಮ ಒಂಬತ್ತು ತಿಂಗಳ ಸೂಜಿಯ ಮಾತು ತೆಗೆದಾಗ, ಪೋಲಿಯೊ ಹನಿ ನಾಲ್ಕು ಸಲ ಹಾಕಿಸಿದ್ದೇವಲ್ಲ, ಎಲ್ಲ ರೋಗಕ್ಕೂ ಅದೇ ಸಾಕು ಎಂದು ಬಾಯಿ ಮುಚ್ಚಿಸಿದ್ದಳು. ಆಗಾಗ ಕೂಸಿನ ಕಿರುಬೆರಳನ್ನು ಎತ್ತಿ, ಎಂದೋ ಅಳಿಸಿಹೋದ ಮಸಿಯ ಗುರುತನ್ನು ಊರವರಿಗೆಲ್ಲ ತೋರಿಸುತ್ತಿದ್ದಳು.

ಬುಧವಾರ ಬೆಳಿಗ್ಗೆ ನರ್ಸಮ್ಮ ನೀಲಗಂಗಮ್ಮ ಓಣಿಗೆ ಬಂದಳು. ಮೊದಲು ಚೆನ್ನಬಸಮ್ಮನ ಮನೆಗೆ ಹೋದಳು. ಪಂಪಣ್ಣ ಬಹಳ ಜೋರಾಗಿ ಏದುಸಿರು ಬಿಡುತ್ತಿದ್ದ. ರೋಗ ಶ್ವಾಸಕೋಶಕ್ಕೆ ಇಳಿದಿದೆ, ಒಂದು ಗಳಿಗೆಯೂ ತಡಮಾಡಬೇಡಿ ಎಂದು ಹೇಳಿ, ರಸ್ತೆಯಲ್ಲಿ ಸಿಕ್ಕ ಜೀಪಿಗೆ ಹತ್ತಿಸಿ ತಾಯಿ ಮಗು ಇಬ್ಬರನ್ನೂ ಆಸ್ಪತ್ರೆಗೆ ಕಳಿಸಿದಳು. ಆಮೇಲೆ ಪುಸ್ತಕ ಹಿಡಿದು ಮನೆಮನೆ ಎಣಿಕೆಗೆ ಹೊರಟಳು. ಯಾವ ಮಗುವಿಗೆ ದಡಾರ ಬಂದಿದೆ, ಯಾವ ಮಗುವಿಗೆ ಸೂಜಿ ಹಾಕಿಸಿದ್ದಾರೆ ಎಂದು ಬರೆದು ತರಲು ಡಾಕ್ಟರು ಹೇಳಿದ್ದರು.

ತಾಯಕ್ಕನ ಅಂಗಡಿಯ ಬೆಂಚಿನ ಮೇಲೆ ಕೂತು, ಸೂಜಿ ಹಾಕಿಸದ ಕೂಸುಗಳಿಗೇ ಹೆಚ್ಚು ಬಂದಿದೆ ಎಂದು ಅವಳು ಲೆಕ್ಕ ಹೇಳತೊಡಗಿದಾಗ ತಾಯಕ್ಕನಿಗೆ ಉರಿಯಿತು. ಕಾಗದದಲ್ಲಿ ಏನು ಬೇಕಾದರೂ ಬರೆಯಬಹುದು ಎಂದಳು. ಓಣಿಯ ಕೂಸುಗಳು ತನಗೆ ಗೊತ್ತೇ ವಿನಾ ಪುಸ್ತಕಕ್ಕೆ ಗೊತ್ತಿಲ್ಲ ಎಂದಳು. ನೀಲಗಂಗಮ್ಮ ನಕ್ಕು ಪುಸ್ತಕ ಮುಚ್ಚಿದಳು.

"ಬರ್ರಿ ಹಂಗಾದ್ರ, ನೀವ ಎಣಿಸ್ರಿ. ನಾ ಬಾಯಿ ತೆರೆಯಂಗಿಲ್ಲ."

ತಾಯಕ್ಕ ಪಂಥಕ್ಕೆ ಬಿದ್ದಳು. ಮಿರ್ಚಿಗೆಂದು ತೊಳೆದಿಟ್ಟ ಹಸಿ ಮೆಣಸಿನಕಾಯಿಯ ಬುಟ್ಟಿ ಎಳೆದುಕೊಂಡಳು. ಒಂದು ಕೂಸಿಗೆ ಒಂದು ಮೆಣಸಿನಕಾಯಿ. ದಡಾರದ ಸೂಜಿ ಹಾಕಿಸಿದವರದ್ದು ಎಡಕ್ಕೆ, ಹಾಕಿಸದವರದ್ದು ಬಲಕ್ಕೆ. ಒಂಬತ್ತು ತಿಂಗಳು ದಾಟಿದವರಿಂದ ಹಿಡಿದು ಐದು ವರ್ಷದವರೆಗೆ ಓಣಿಯ ಒಂದೊಂದೇ ಮನೆಯನ್ನು ನೆನೆದು, ಪಕ್ಕದವರನ್ನು ಕೂಗಿ ಕೇಳಿ, ಇಪ್ಪತ್ತೆಂಟು ಮೆಣಸಿನಕಾಯಿ ಜೋಡಿಸಿದಳು. ಎಡಕ್ಕೆ ಹದಿನೇಳು, ಬಲಕ್ಕೆ ಹನ್ನೊಂದು. ಅಷ್ಟರಲ್ಲಿ ಚಹಾಕ್ಕೆ ಬಂದ ಡ್ರೈವರುಗಳು, ನೀರಿಗೆ ಹೊರಟ ಹೆಂಗಸರು ಎಲ್ಲ ಸುತ್ತ ನೆರೆದಿದ್ದರು. ಎಣ್ಣೆ ಒಲೆಯ ಮೇಲೆ ಕಾದೇ ಕಾಯುತ್ತಿತ್ತು.

"ಈಗ ಅಮ್ಮ ಬಂದ ಕೂಸಿಂದು ತೊಟ್ಟು ಮುರೀರಿ" ಎಂದಳು ನೀಲಗಂಗಮ್ಮ.

ತಾಯಕ್ಕ ಟಕ್ಕನೆ ಒಂದು ತೊಟ್ಟು ಮುರಿದಳು. ಅದು ಬಲಗಡೆಯದು. ಇನ್ನೊಂದು, ಅದೂ ಬಲಗಡೆ. ಮೂರನೆಯದು, ನಾಲ್ಕನೆಯದು, ಬಲಗಡೆಯೇ. ಮುರಿಯುತ್ತ ಮುರಿಯುತ್ತ ಅವಳ ಕೈ ನಿಧಾನವಾಯಿತು. ಕೊನೆಗೆ ನೋಡಿದರೆ ಬಲಗಡೆಯ ಹನ್ನೊಂದರಲ್ಲಿ ಎಂಟಕ್ಕೆ ತೊಟ್ಟಿಲ್ಲ. ಎಡಗಡೆಯ ಹದಿನೇಳರಲ್ಲಿ ಮುರಿದದ್ದು ಒಂದೇ ಒಂದು. ನೆರೆದವರಲ್ಲಿ ಗುಸುಗುಸು ಎದ್ದಿತು. ತಾಯಕ್ಕ ಆ ಒಂದನ್ನು ಎತ್ತಿ ನರ್ಸಮ್ಮನ ಮೂಗಿನ ಮುಂದೆ ಹಿಡಿದಳು.

"ಇದಕ್ಯಾಕ ಬಂತು ಹೇಳ್ರಿ. ಮೂಕಪ್ಪನ ಮೊಮ್ಮಗಳಿಗೆ ಸೂಜಿ ಹಾಕ್ಸಿದ್ರಲ್ಲ."

"ನೂರಕ್ಕ ನೂರು ಅಂತ ನಾ ಎಂದೂ ಹೇಳಿಲ್ಲ, ತಾಯಕ್ಕ. ಒಬ್ಬಿಬ್ಬರಿಗೆ ಸೂಜಿ ಹತ್ತಂಗಿಲ್ಲ. ಆದ್ರ ಆಕಿಗೆ ಎರಡ ದಿನದಾಗ ಇಳೀತು, ಈಗ ಆಡಾಕ ಹತ್ಯಾಳ. ಮತ್ತ ಒಂದು ವಿಚಾರ ಮಾಡ್ರಿ. ಆಕಿ ಸುತ್ತ ಇದ್ದ ಎಲ್ಲಾ ಕೂಸಿಗೂ ಸೂಜಿ ಆಗಿದ್ರ, ಆಕಿಗೆ ರೋಗ ತಂದು ಕೊಡೋರು ಯಾರಿದ್ರು?"

ತಾಯಕ್ಕ ಆ ಮೆಣಸಿನಕಾಯಿಯನ್ನು ತಿರುಗಿ ಎಡಕ್ಕೇ ಇಟ್ಟಳು. ದೊಡ್ಡ ದೊಡ್ಡ ಡಾಕ್ಟರುಗಳು ಊರೂರು ತಿರುಗಿ ಸಾವಿರಾರು ಮಕ್ಕಳನ್ನು ಹೀಗೆಯೇ ಎಣಿಸಿ ನೋಡಿದ್ದಾರೆ, ಅವರು ಪುಸ್ತಕದಲ್ಲಿ ಕಂಡದ್ದನ್ನು ನೀವು ಮೆಣಸಿನಕಾಯಿಯಲ್ಲಿ ಕಂಡಿರಿ ಎಂದು ನೀಲಗಂಗಮ್ಮ ಹೇಳಿದಳು. ಪೋಲಿಯೊ ಹನಿ ಪೋಲಿಯೊಕ್ಕೆ ಮಾತ್ರ, ದಡಾರಕ್ಕೆ ದಡಾರದ ಸೂಜಿಯೇ ಬೇಕು ಎಂದಳು. ಆಮೇಲೆ ಬಲಗಡೆ ಉಳಿದ, ತೊಟ್ಟು ಗಟ್ಟಿಯಿದ್ದ ಮೂರನ್ನು ಬೇರೆ ಇಟ್ಟಳು.

"ಇನ್ನೂ ರೋಗ ಮುಟ್ಟಿಲ್ಲ ಇವನ್ನ. ಈ ಮೂರು ಯಾರ್ಯಾರ ಕೂಸು?"

ಎರಡು ಮನೆಯ ಹೆಸರು ತಾಯಕ್ಕ ಹೇಳಿದಳು. ಮೂರನೆಯದನ್ನು ಎತ್ತಿ ಕೈಯಲ್ಲೇ ಹಿಡಿದುಕೊಂಡಳು. ಒಲೆಯ ಪಕ್ಕ ನಿಂತಿದ್ದ ರೇಣುಕಮ್ಮನೇ ಹೇಳಿದಳು.

"ಅದು ನಮ್ಮ ಪೂಜಿತಾ, ಅತ್ತಿ."

ಈ ಮೂವರಲ್ಲಿ ಯಾರಾದರೂ ರೋಗದ ಮನೆಗೆ ಹೋಗಿದ್ದುಂಟೇ ಎಂದು ನರ್ಸಮ್ಮ ಕೇಳಿದಳು. ಊರಿಗೆಲ್ಲ ಬಾಯಿಯಾಗಿದ್ದ ತಾಯಕ್ಕ ಆಗ ತಲೆ ತಗ್ಗಿಸಿದಳು. ಸೋಮವಾರ ಇಳಿಹೊತ್ತಿಗೆ ತಾನೇ ಕಂಕುಳಲ್ಲಿ ಎತ್ತಿಕೊಂಡು ಹೋಗಿದ್ದೆ ಎಂದಳು. ಆ ಮೊಮ್ಮಗಳೆಂದರೆ ಅವಳಿಗೆ ಜೀವಕ್ಕಿಂತ ಹೆಚ್ಚು.

ನೀಲಗಂಗಮ್ಮ ಬೈಯಲಿಲ್ಲ. ಬೆರಳು ಮಡಿಸಿ ಎಣಿಸಿದಳು.

"ಬೇವು ಕಟ್ರಿ, ಮೊಸರನ್ನ ಕೊಡ್ರಿ, ಅಮ್ಮನ ಮಾತಿಗೆ ನಾ ಬರಂಗಿಲ್ಲ. ಕೂಸನ್ನ ಮಾತ್ರ ಒಯ್ಯಬ್ಯಾಡ್ರಿ, ಇದು ಉಸಿರಿನಾಗ ಹಬ್ಬತೈತಿ. ರೋಗದ ಕೂಸಿನ ಹತ್ರ ಹೋದ ಮೂರು ದಿನದೊಳಗ ಸೂಜಿ ಹಾಕಿದ್ರ ರೋಗ ತಡಿಯಾಕ ಬರತೈತಿ. ಖಾತ್ರಿ ಅಂತ ಹೇಳಂಗಿಲ್ಲ, ಆದ್ರ ಭಾಳ ಮಟ್ಟಿಗೆ ತಡೀತೈತಿ. ನಾಳೆ ಗುರುವಾರ, ನಮ್ಮ ಸೂಜಿ ದಿನ. ಇಳಿಹೊತ್ತಿನೊಳಗ ಆಗಬೇಕು."

ತಾಯಕ್ಕ ಆ ಮೂರು ಮೆಣಸಿನಕಾಯಿಗಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಗುರುವಾರ ಹತ್ತು ಗಂಟೆಗೆ ಅಂಗನವಾಡಿ ಮುಂದೆ ಸುತ್ತಲಿನ ಓಣಿಗಳಿಂದಲೂ ಬಂದ ಹದಿನಾರು ತಾಯಂದಿರು ಕೂತಿದ್ದರು. ತಾಯಕ್ಕನೇ ಬಾಗಿಲು ಬಾಗಿಲಿಗೆ ಹೋಗಿ ಎಬ್ಬಿಸಿಕೊಂಡು ಬಂದಿದ್ದಳು. ಹನ್ನೊಂದಾಯಿತು, ನರ್ಸಮ್ಮ ಇಲ್ಲ. ಹನ್ನೆರಡಾಯಿತು, ಇಲ್ಲ. ಕೂಲಿ ತಪ್ಪುತ್ತದೆ ಎಂದು ಹೆಂಗಸರು ಒಬ್ಬೊಬ್ಬರಾಗಿ ಏಳತೊಡಗಿದರು. ಅಷ್ಟರಲ್ಲಿ ಎದುರಿಗೇ ಇದ್ದ ತಾಯಕ್ಕನ ಅಂಗಡಿಯ ಕಾಯಿನ್ ಫೋನು ಹೊಡೆದುಕೊಂಡಿತು. ಜಂಬುನಾಥನ ಧ್ವನಿ. ನಡುರಸ್ತೆಯಲ್ಲಿ ಒಂದು ಲಾರಿಯ ಆಕ್ಸಲ್ ಮುರಿದು ಬಿದ್ದಿದೆ, ಹಿಂದೆ ನಾನೂರು ಲಾರಿ ನಿಂತಿವೆ, ತನ್ನ ಟಿಪ್ಪರ್ ಹಿಂದಿನ ಬಸ್ಸಿನಲ್ಲಿ ನರ್ಸಮ್ಮ ಔಷಧಿ ಡಬ್ಬಿ ಹಿಡಿದು ಕೂತಿದ್ದಾಳೆ, ಸಂಜೆವರೆಗೆ ಒಂದು ಗಾಲಿಯೂ ಉರುಳುವುದಿಲ್ಲ ಎಂದ.

ತಾಯಕ್ಕ ಜಾಲರಿಯನ್ನು ಸೊಸೆಯ ಕೈಗಿಟ್ಟಳು.

"ನೀ ಮಿರ್ಚಿ ಕರಿ. ಎಲ್ಲಾರಿಗೂ ಕೊಡು, ಒಬ್ಬಾಕಿನೂ ಎದ್ದು ಹೋಗಬಾರದು. ನಾ ಡಬ್ಬಿ ತರ್ತೀನಿ."

ಹೇಳಿದವಳೇ ಹೊರಟಳು. ಅರವತ್ತರ ಹತ್ತಿರದ ಆ ಹೆಂಗಸು ಉರಿ ಬಿಸಿಲಲ್ಲಿ ಸೀರೆ ಎತ್ತಿ ಕಟ್ಟಿ, ಸಾಲು ನಿಂತ ಲಾರಿಗಳ ಪಕ್ಕದಲ್ಲಿ ಬಿರಬಿರ ನಡೆದದ್ದನ್ನು ಡ್ರೈವರುಗಳು ಇಂದಿಗೂ ಹೇಳಿಕೊಂಡು ನಗುತ್ತಾರೆ. ಎರಡೂವರೆ ಕಿಲೋಮೀಟರ್. ಬಸ್ಸಿಗೆ ಹತ್ತಿ ನರ್ಸಮ್ಮನನ್ನು ಇಳಿಸಿದಳು. ನೀಲಿ ಡಬ್ಬಿಯೊಳಗೆ ಐಸು, ಐಸಿನ ನಡುವೆ ಔಷಧಿ. ಮುಚ್ಚಳ ತೆಗೆಯಬಾರದು, ಔಷಧಿ ಬಿಸಿಯಾದರೆ ಕೆಲಸಕ್ಕೆ ಬಾರದು ಎಂದು ನೀಲಗಂಗಮ್ಮ ಮತ್ತೆ ಮತ್ತೆ ಹೇಳಿದಳು. ತಾಯಕ್ಕ ಸೆರಗು ಸುತ್ತಿ ಸಿಂಬಿ ಮಾಡಿ, ಡಬ್ಬಿಯನ್ನು ತುಂಬಿದ ಕೊಡದಂತೆ ತಲೆಯ ಮೇಲೆ ಇಟ್ಟುಕೊಂಡಳು.

ವಾಪಸು ಬರುವಾಗ ಲಾರಿ ಸಾಲಿಗೆ ಸಾಲೇ ಎದ್ದು ನಿಂತಿತು. ಡ್ರೈವರುಗಳು ಕೆಳಗಿಳಿದು ದಾರಿ ಬಿಡಿಸಿದರು. ಒಬ್ಬ ತನ್ನ ನೀರಿನ ಬಾಟಲಿ ಕೊಟ್ಟ, ಇನ್ನೊಬ್ಬ ತನ್ನ ಟವೆಲ್ ನೆನೆಸಿ ಡಬ್ಬಿಯ ಮೇಲೆ ಹೊದಿಸಿದ. ಅಕ್ಕನ ತಲೆ ಮೇಲೆ ಏನಿದೆ ಎಂದು ಕೇಳಿದವರಿಗೆಲ್ಲ ತಾಯಕ್ಕ ನಿಲ್ಲದೆಯೇ ಉತ್ತರ ಕೊಟ್ಟಳು. ಹೆಂಡತಿಗೆ ಫೋನ್ ಮಾಡಿ ಕೂಸಿನ ಸೂಜಿ ಕಾರ್ಡ್ ನೋಡಿಸ್ರಲೇ ಎಂದು ಬೈಯುತ್ತಲೇ ನಡೆದಳು. ಗಾಳಿಗೆ ಎದ್ದ ಧೂಳಿನಲ್ಲಿ ಅವಳು, ನರ್ಸಮ್ಮ, ಡಬ್ಬಿ ಮೂರೂ ಕೆಂಪಾಗಿದ್ದವು. ಅಂಗನವಾಡಿ ಮುಟ್ಟಿದಾಗ ಎರಡು ಗಂಟೆ. ಹದಿನಾರು ತಾಯಂದಿರೂ ಮಿರ್ಚಿ ತಿನ್ನುತ್ತ ಅಲ್ಲೇ ಕೂತಿದ್ದರು. ತಾಯಕ್ಕನಿಗೆ ಆ ಗಳಿಗೆಯಲ್ಲಿ ಆದ ಖುಷಿ ಹೇಳತೀರದು.

ಮೊದಲ ಸೂಜಿ ಪೂಜಿತಾಳಿಗೇ. ಕೂಸು ಕಿರಿಚಿತು, ಒಂದೆರಡು ನಿಮಿಷಕ್ಕೆ ಸುಮ್ಮನಾಯಿತು. ಬಾಯಿಗೆ ವಿಟಮಿನ್ ಎ ಹನಿ ಹಾಕಿದರು. ಒಂದು ವಾರದ ಮೇಲೆ ಸಣ್ಣ ಜ್ವರ ಬರಬಹುದು, ಹೆದರಬೇಡಿ ಎಂದು ನೀಲಗಂಗಮ್ಮ ಮೊದಲೇ ಹೇಳಿದ್ದಳು. ಎಂಟನೆಯ ದಿನ ಮೈ ಸ್ವಲ್ಪ ಬೆಚ್ಚಗಾದಾಗ ತಾಯಕ್ಕ ಊಟ ಬಿಟ್ಟು ಕೂತಳು. ಮರುದಿನ ಜ್ವರ ಇಳಿಯಿತು. ಆದರೂ ಅವಳಿಗೆ ಸಮಾಧಾನವಿಲ್ಲ. ದಿನಾ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಮುಖ ತೊಳೆಯುವಳು, ಕಿವಿಯ ಹಿಂದೆ ನೋಡುವಳು.

ಅಷ್ಟರಲ್ಲಿ ಪಂಪಣ್ಣ ಆಸ್ಪತ್ರೆಯಿಂದ ಬಂದ, ಬಡಕಲಾಗಿದ್ದ, ಆದರೆ ಅಮ್ಮನ ಸೆರಗು ಹಿಡಿದು ನಡೆಯುತ್ತಿದ್ದ. ಒಂದು ದಿನ ತಡವಾಗಿದ್ದರೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ. ಅದನ್ನು ಕೇಳಿ ತಾಯಕ್ಕ ಅತ್ತುಬಿಟ್ಟಳು.

ಹದಿನೈದನೆಯ ದಿನ ನೀಲಗಂಗಮ್ಮ ಬಂದಾಗ ತಾಯಕ್ಕ ಅಂಗಳದಲ್ಲಿ ಪೂಜಿತಾಳ ಮೈ ತೊಳೆಯುತ್ತಿದ್ದಳು. ನೀರು ಕೆಂಪಗೆ ಹರಿದು ಚರಂಡಿ ಸೇರಿತು. ಕೂಸಿನ ಮುಖ ಫಳಫಳ ಹೊಳೆಯಿತು, ಕುತ್ತಿಗೆ, ಎದೆ ಎಲ್ಲ ನಿರ್ಮಲ.

"ನೋಡ್ರಿ ನರ್ಸಮ್ಮ, ಇದು ಬರೇ ಧೂಳು" ಎಂದು ತಾಯಕ್ಕ ನಗುತ್ತ ಕೂಸನ್ನು ಎತ್ತಿ ತೋರಿಸಿದಳು. ಓಣಿಯ ಆ ಉಳಿದ ಇಬ್ಬರು ಮಕ್ಕಳಿಗೂ ರೋಗ ಬರಲಿಲ್ಲ. ಬೇವಿನ ಸೊಪ್ಪು ಹತ್ತನೆಯ ಬಾಗಿಲಿಗೆ ಏರಲೇ ಇಲ್ಲ.

ಇದನ್ನು ಕೇಳುತ್ತಿರುವ ಅಕ್ಕಂದಿರೇ, ತಾಯಂದಿರೇ, ನಿಮ್ಮ ಅಡುಗೆಮನೆಯಲ್ಲೂ ಹಸಿ ಮೆಣಸಿನಕಾಯಿ ಇದ್ದೇ ಇರುತ್ತದೆ. ಇಂದೇ ನಿಮ್ಮ ಓಣಿಯ ಕೂಸುಗಳನ್ನು ಎಣಿಸಿ. ಪೆಟ್ಟಿಗೆಯಲ್ಲಿಟ್ಟ ಕಾರ್ಡು ತೆಗೆದು ಯಾವ ಸೂಜಿಯ ಜಾಗ ಖಾಲಿ ಇದೆ ನೋಡಿ, ಓದಲು ಬಾರದಿದ್ದರೆ ನರ್ಸಮ್ಮನಿಗೆ ತೋರಿಸಿ. ಜ್ವರ, ಗಂದೆ ಕಂಡ ಮಗುವನ್ನು ಆಸ್ಪತ್ರೆಗೆ ಒಯ್ಯಿರಿ, ಉಳಿದ ಕೂಸುಗಳನ್ನು ರೋಗದ ಮನೆಗೆ ಒಯ್ಯಬೇಡಿ. ಸೂಜಿ ಸರ್ಕಾರದ್ದು, ಪುಕ್ಕಟೆ. ತಾಯಕ್ಕನ ಹಾಗೆ ಬಿಸಿಲಲ್ಲಿ ಡಬ್ಬಿ ಹೊರುವ ಕಷ್ಟ ನಿಮಗಿಲ್ಲ, ಕೂಸನ್ನು ಎತ್ತಿಕೊಂಡು ಅಂಗನವಾಡಿವರೆಗೆ ನಡೆದರೆ ಸಾಕು. ನಿಮ್ಮ ಬಲಗಡೆ ಒಂದೇ ಒಂದು ಮೆಣಸಿನಕಾಯಿ ಉಳಿದಿದ್ದರೂ, ಅದರ ತೊಟ್ಟು ಮುರಿಯುವ ಮೊದಲು ಎಡಕ್ಕೆ ಇಡಿ.