ಬಸವಣ್ಣೆಪ್ಪನ ತೊಡೆ

ನಾನು ಒಂದು ಪರ್ಷಿಯನ್ ಬೆಕ್ಕು. ಹುಟ್ಟಿದ್ದು ಹುಬ್ಬಳ್ಳಿಯ ತಗಡಿನ ಶೆಡ್ಡೊಂದರಲ್ಲಿ, ಪಂಜರದೊಳಗೆ. ತಾಯಿಯ ಹಾಲು ಬಿಡುವ ಮೊದಲೇ ನಮ್ಮನ್ನು ತೊಡೆಯ ಮೇಲೆ ಕೂರಿಸಿ ಪಳಗಿಸುತ್ತಿದ್ದರು. ಓಡುವ ಮರಿಗೆ ಗಿರಾಕಿ ಇಲ್ಲ. ನಾನು ಓಡಲಿಲ್ಲ. ನನ್ನ ಸೋಮಾರಿತನವನ್ನೇ ಪ್ರೀತಿ ಅಂತ ಮಾರಿದರು.

ನನ್ನನ್ನು ಆರಿಸಿದವಳು ಗದಗಿನ ಶಿವಗಂಗವ್ವ. ಅವಳ ಗಂಡ ಬಸವಣ್ಣೆಪ್ಪ ಲೈನ್‌ಮನ್ ಆಗಿದ್ದವನು, ಕರೆಂಟ್ ಕಂಬದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡು ಗಾಲಿಕುರ್ಚಿ ಹಿಡಿದಿದ್ದ. ಮಾತು ಬಿಟ್ಟಿದ್ದ, ಊಟವನ್ನೂ ಅರ್ಧ ಬಿಟ್ಟಿದ್ದ.

"ಜಿಗದಾಡೂ ಬೆಕ್ಕು ಬ್ಯಾಡ್ರೀ. ತೊಡಿ ಮ್ಯಾಲೆ ಸುಮ್ಮನ ಕುಂದರೂ ಜಾತೀದು ಕೊಡ್ರಿ" ಎಂದು ಕೇಳಿ ಅವಳು ನನ್ನನ್ನು ತಂದಳು.

ಕೂತೆ. ಆ ತೊಡೆ ಅಲುಗುತ್ತಲೇ ಇರಲಿಲ್ಲ. ಬೆಕ್ಕಿಗೆ ಇನ್ನೇನು ಬೇಕು? ಬಿಡಿಸಿದ ಹತ್ತಿಯ ಅರಳೆಯ ಹಾಗಿದ್ದೇನೆಂದು ಅವನು ನನಗೆ ಅರಳಿ ಎಂದು ಹೆಸರಿಟ್ಟ. ಒಂದು ದಿನ ನನ್ನ ಗೊರಕೆ ಕೇಳಿ ಜೋರಾಗಿ ನಕ್ಕ. ಶಿವಗಂಗವ್ವ ಸೌಟು ಹಿಡಿದೇ ಅಡುಗೆಮನೆಯಿಂದ ಓಡಿ ಬಂದು, ಅವನು ನಗುವುದನ್ನು ನೋಡಿ ಅತ್ತಳು.

ಆದರೆ ಅವನು ತಪ್ಪಿಸಬಾರದ ಕೆಲಸವೊಂದಿತ್ತು. ಆಗಾಗ ಕೈ ಊರಿ ಮೈಯನ್ನು ಕುರ್ಚಿಯಿಂದ ಮೇಲೆತ್ತಬೇಕು, ಇಲ್ಲದಿದ್ದರೆ ಕೂತಲ್ಲೇ ಚರ್ಮ ಕೊಳೆಯುತ್ತದೆ, ನೋವೂ ತಿಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ನಾನು ಬಂದ ಮೇಲೆ ಅದು ತಪ್ಪಿತು.

"ಒಮ್ಮೆ ಮ್ಯಾಲೆ ಏಳ್ರೀ" ಎಂದು ಹೆಂಡತಿ ನೆನಪಿಸಿದರೆ, "ಈಗಷ್ಟ ಇದರ ಕಣ್ಣು ಹತ್ಯಾವು. ಎಬ್ಬಸಬ್ಯಾಡ" ಎನ್ನುತ್ತಿದ್ದ. ನಿದ್ದೆ ಹತ್ತಿದ ಕೂಸನ್ನು ಎಬ್ಬಿಸಿದರೆ ಬೈಯುವ ಮಂದಿ ಅವರು. ಅವನ ಮುಖದಲ್ಲಿ ಕಳೆ ಬಂದಿತ್ತಲ್ಲ, ಅವಳೂ ಸುಮ್ಮನಾಗುತ್ತಿದ್ದಳು.

ವಾಸನೆ ಮೊದಲು ಹತ್ತಿದ್ದು ನನಗೆ. ಇಳಿದು ಅರಚಿದೆ. ಹಸಿವೆಂದುಕೊಂಡು ಶಿವಗಂಗವ್ವ ಹಾಲು ಹಾಕಿದಳು. ಹೊಟ್ಟೆಬಾಕಿ ನಾನು, ಕುಡಿದೆ ಕೂಡ. ಜ್ವರ ಏರಿದಾಗ ಅವನನ್ನು ಮಗ್ಗುಲಾಗಿಸಿ ನೋಡಿದರು. ಹುಣ್ಣು ಎಲುಬಿನವರೆಗೆ ಇಳಿದಿತ್ತು.

ಆಸ್ಪತ್ರೆಯಿಂದ ಬಂದವನನ್ನು ಬೋರಲು ಮಲಗಿಸಿದರು. ಬೋರಲು ಮಲಗಿದವನಿಗೆ ತೊಡೆಯೆಲ್ಲಿ? ನಾನು ಮಂಚದ ಕೆಳಗೆ ಕೂರುತ್ತಿದ್ದೆ. ಅವನು ಕೈ ಇಳಿಬಿಟ್ಟು ನನ್ನ ಕಿವಿ ಸವರುತ್ತಿದ್ದ.

"ಇದನ್ನ ಯಾರಿಗೂ ಕೊಡಬ್ಯಾಡ. ಇದರದೇನ್ ತಪ್ಪೈತಿ?" ಎಂದ.

"ನಿಮ್ಮದೂ ಇಲ್ಲ. ಎಬ್ಬಸಬೇಕಾದಾಕಿ ನಾ ಇದ್ನಿ" ಎಂದಳು ಅವಳು.

ಒಂದು ಬೆಳಿಗ್ಗೆ ಆ ಕೈ ತಣ್ಣಗಿತ್ತು. ಎಷ್ಟು ತಲೆ ಉಜ್ಜಿದರೂ ಅಲುಗಲಿಲ್ಲ.

ಈಗ ನಾನು ಮುದುಕಿ. ಹಲ್ಲು ಉದುರಿವೆ, ಕೂದಲು ಗಂಟುಗಟ್ಟಿದೆ. ಮಧ್ಯಾಹ್ನ ಶಿವಗಂಗವ್ವ ನನ್ನನ್ನು ತೊಡೆಯ ಮೇಲೆ ಹಾಕಿಕೊಂಡು ಕೂರುತ್ತಾಳೆ. ಬೆಚ್ಚಗಿನ ತೊಡೆ. ಅಲ್ಲಿ ಕೂತಾಗಲೇ ಅವನಿಲ್ಲದ ದುಃಖ ನನಗೆ ಹೆಚ್ಚು. ಕಣ್ಣು ಮುಚ್ಚುವಷ್ಟರಲ್ಲಿ ಅವಳು ನನ್ನನ್ನು ಅಲುಗಿಸುತ್ತಾಳೆ. "ಏಳ, ಅರಳಿ. ಏಳಬೇಕವಾ" ಎನ್ನುತ್ತ ಎರಡೂ ಕೈಯಲ್ಲಿ ಎತ್ತಿ ನೆಲಕ್ಕೆ ಬಿಡುತ್ತಾಳೆ. ತುಸು ಹೊತ್ತಿಗೆ ಮತ್ತೆ ಎತ್ತಿಕೊಳ್ಳುತ್ತಾಳೆ, ಮತ್ತೆ ಎಬ್ಬಿಸುತ್ತಾಳೆ. ಆ ತೊಡೆಯ ಮೇಲೆ ನಾನು ಒಂದು ದಿನವೂ ನಿದ್ದೆ ಮಾಡಿಲ್ಲ.